ದೊಡ್ಡಪಾಲಯ್ಯ ಕಂಡ ಮೊಟ್ಟೆ

ನಮ್ಮೂರ ನೀರಗಂಟಿ ದೊಡ್ಡಪಾಲಯ್ಯ ಎಂದರೆ ನನಗೆ ಮೊದಲು ನೆನಪಾಗುವುದು ಅವನ ಕಾಲು. ಮೊಣಕಾಲಿನಿಂದ ಕೆಳಗೆ ಊದಿಕೊಂಡು, ಹಿಮ್ಮಡಿಯ ಬಿರುಕುಗಳಲ್ಲಿ ಕೆಸರು ಒಣಗಿದ ಕಾಲು. ಮೊಳಕಾಲ್ಮೂರಿಂದ ಎರಡು ಹರದಾರಿ ದೂರದ ನಮ್ಮ ಕೆರೆಯನ್ನು ಆ ಕಾಲು ನಲವತ್ತು ವರ್ಷ ಸುತ್ತಿತು. ತೂಬು ಎತ್ತುವುದು, ಗದ್ದೆಗಳಿಗೆ ನೀರು ಹಾಯಿಸುವುದು ಅವನ ಕೆಲಸ. ಅದನ್ನು ಯಾರಾದರೂ ಮಾಡಿಯಾರು. ಊರು ಅವನ ಬಾಯಿ ನೋಡುತ್ತಿದ್ದುದು ಬೇರೆಯದೇ ವಿಷಯಕ್ಕೆ.

ಬೇಸಿಗೆಯಲ್ಲಿ ಕೆರೆ ಬತ್ತಿ ನಡುವೆ ಒಂದಿಷ್ಟು ಜೌಗು, ಒಂದಿಷ್ಟು ಜೊಂಡು ಉಳಿಯುತ್ತಿತ್ತು. ಅದರ ಸುತ್ತಲಿನ ಕೆರೆಯಂಗಳದಲ್ಲಿ ನಾವು ಮೂವತ್ತು ಮನೆಯವರು ರೋಹಿಣಿ ಮಳೆಗೆ ಜೋಳ ಬಿತ್ತುತ್ತಿದ್ದೆವು. ತಗ್ಗಿಗೆ ಇಳಿದಷ್ಟೂ ಮಣ್ಣು ಒಳ್ಳೆಯದು, ತೆನೆ ದಪ್ಪ. ಆದರೆ ಕೊಯ್ಲಿಗೆ ಮುಂಚೆ ಕೆರೆಗೆ ನೀರು ಬಂತೋ, ಬೀಜವೂ ಹೋಯಿತು, ಬೆವರೂ ಹೋಯಿತು. ಎಲ್ಲಿಯವರೆಗೆ ಇಳಿದು ಬಿತ್ತಬಹುದು ಎಂದು ಹೇಳುವವನು ದೊಡ್ಡಪಾಲಯ್ಯ. ಅವನಿಗೆ ಹೇಳುವುದು ಟಿಟ್ಟಿಬ ಹಕ್ಕಿ.

ಟಿಟ್ಟಿಬ ಗೂಡು ಕಟ್ಟುವುದಿಲ್ಲ, ಬಯಲು ನೆಲದ ಸಣ್ಣ ಗುಂಡಿಯಲ್ಲಿ ಮೊಟ್ಟೆ ಇಡುತ್ತದೆ. ಆ ವರ್ಷ ನೀರು ಏರುವ ಜಾಗದಲ್ಲಿ ಅದು ಇಡುವುದಿಲ್ಲ ಎಂದು ನಮ್ಮ ಕಡೆ ನಂಬಿಕೆ. ಮೊಟ್ಟೆ ತಗ್ಗಿನಲ್ಲಿದ್ದರೆ ನೀರು ಕಡಿಮೆ, ದಿಬ್ಬದ ಮೇಲಿದ್ದರೆ ಕೆರೆ ತುಂಬುತ್ತದೆ. ಹೇಳುವುದೇನೋ ಸಲೀಸು! ಕಲ್ಲು ಯಾವುದು, ಮೊಟ್ಟೆ ಯಾವುದು ಗೊತ್ತಾಗದ ಆ ನೆಲದಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಹುಡುಕುವವರು ಯಾರು? ದೊಡ್ಡಪಾಲಯ್ಯ ವಾರಗಟ್ಟಲೆ ನಡೆಯುತ್ತಿದ್ದ. ನಾಲ್ಕು ಹೆಜ್ಜೆ ನಡೆದು ನಿಲ್ಲುವನು, ಹಕ್ಕಿ ಎಲ್ಲಿಂದ ಎದ್ದಿತು, ಮೊಟ್ಟೆಯಿಂದ ದೂರ ಸೆಳೆಯಲು ಎಲ್ಲಿ ಸುಮ್ಮನೆ ನಾಟಕ ಮಾಡುತ್ತಿದೆ ಎಂದು ನೋಡುವನು. ಜೊಂಡಿನೊಳಗೆ ನೀರುಕೋಳಿ ಕೂಗಿದರೆ ಒಳಗೆ ಹಾವಿದೆಯೋ ನರಿ ಇದೆಯೋ ಹೇಳುವನು. ಹೆಂಡತಿ ಮುಖ ಮರೆತಾನು, ಹಕ್ಕಿ ಮುಖ ಮರೆಯಲಾರ ಎಂದು ನಾವು ನಗುತ್ತಿದ್ದೆವು. ಅವನು ನಗುತ್ತಿರಲಿಲ್ಲ. ಏರಿಯ ಮೇಲೆ ಕೂತು ಕಾಲು ನೀವಿಕೊಳ್ಳುತ್ತ, "ಸಾಕಾಗೈತೆ ಕಣ್ರಪ್ಪಾ, ಇನ್ಯಾರಾದ್ರೂ ಕಲ್ಕಳ್ರಿ" ಅನ್ನುತ್ತಿದ್ದ. ಯಾರೂ ಕಲಿಯಲಿಲ್ಲ. ನಾನೂ ಕಲಿಯಲಿಲ್ಲ.

ಪ್ಲೇಗಿಗೆ ಹೆದರಿ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದೆವಲ್ಲ, ಅದಾದ ಮರುವರ್ಷದ ಮಾತು. ಅವನ ಮಗಳು ನಿಂಗಕ್ಕ ಗಂಡನನ್ನು ಆ ರೋಗಕ್ಕೆ ಕೊಟ್ಟು, ಎರಡು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬಂದಿದ್ದಳು. ಅಪ್ಪನ ಮನೆಯ ಹಿಟ್ಟು ಎಷ್ಟು ದಿನ? ತನ್ನದೇ ಒಂದು ಪಾಲು ಕೊಡಿ ಎಂದು ಊರವರ ಮುಂದೆ ಸೆರಗೊಡ್ಡಿದಳು. ಮೇಲಿನ ಪಾಲುಗಳೆಲ್ಲ ಹಳಬರವು. ಅವಳಿಗೆ ಸಿಕ್ಕಿದ್ದು ಎಲ್ಲರಿಗಿಂತ ತಗ್ಗಿನದು, ಜೌಗಿನ ಅಂಚಿನದು. ತಗ್ಗಿಗೆ ಬಿತ್ತಬಹುದು ಎಂದು ಅಪ್ಪ ಹೇಳಿದರೆ ಉಂಟು, ಇಲ್ಲದಿದ್ದರೆ ಆ ವರ್ಷ ಅವಳಿಗೆ ಒಂದು ಕಾಳೂ ಇಲ್ಲ.

ಆ ಸಲ ದೊಡ್ಡಪಾಲಯ್ಯ ಮೊಟ್ಟೆ ಕಂಡದ್ದು ಮೇಲೆ, ಕೋಡಿಯ ಪಕ್ಕದ ದಿಬ್ಬದಲ್ಲಿ. ಸಂಜೆ ಮನೆಯಲ್ಲಿ ಕಾಲು ತೊಳೆಯುತ್ತ, "ಕೋಡಿ ದಿಬ್ಬದ ಕಳ್ಳಿ ಬುಡದಾಗೆ ಇಕ್ಕೈತೆ, ಈ ಸಲ ನೀರು ಜೋರೈತೆ" ಎಂದು ತನಗೆ ತಾನೇ ಅಂದುಕೊಂಡನಂತೆ. ಒಲೆಯ ಮುಂದಿದ್ದ ನಿಂಗಕ್ಕನಿಗೆ ಕೇಳಿಸಿತು.

ಮರುದಿನ ಹಿರಿಯರನ್ನು ಕರೆದೊಯ್ದು ಮೊಟ್ಟೆ ತೋರಿಸುವ ಪದ್ಧತಿ. ಗೌಡ ಬೊಮ್ಮಲಿಂಗಪ್ಪ ಮುಂದೆ, ನಾವೆಲ್ಲ ಹಿಂದೆ. ಹೆಂಗಸರು ಬೀಜದ ಕುಕ್ಕೆ ಹಿಡಿದು ಏರಿಯ ಮೇಲೆ ನಿಂತಿದ್ದರು. ದಿಬ್ಬದ ಗುಂಡಿ ಬರಿದಾಗಿತ್ತು; ಅಲ್ಲಿ ಮೊಟ್ಟೆ ಇತ್ತೆಂದು ಗೊತ್ತಿದ್ದುದು ಅವನೊಬ್ಬನಿಗೇ. ದೊಡ್ಡಪಾಲಯ್ಯ ಸುತ್ತ ಕಣ್ಣಾಡಿಸಿ ತಗ್ಗಿನ ಕಡೆ ಇಳಿಯತೊಡಗಿದ. ಜೌಗಿನ ಹತ್ತಿರ ಬಂದಾಗ ಯಾರೋ, "ಇಲ್ಲೈತೆ ನೋಡ್ರಿ! ನಾಕು ಮೊಟ್ಟೆ!" ಎಂದು ಕೂಗಿದರು. ನಮಗೆಲ್ಲ ಹಿಡಿಸಲಾರದ ಖುಷಿ. ಇಷ್ಟು ತಗ್ಗಿನವರೆಗೆ ಬಿತ್ತಿ ಎಷ್ಟು ವರ್ಷವಾಗಿತ್ತೋ! ನನ್ನ ತಗ್ಗಿನ ಪಾಲಿನಲ್ಲಿ ಎಷ್ಟು ಚೀಲವಾಗಬಹುದೆಂದು ನಾನು ಆಗಲೇ ಮನಸ್ಸಿನಲ್ಲಿ ಜೋಳ ಕೊಯ್ಯುತ್ತಿದ್ದೆ.

ದೊಡ್ಡಪಾಲಯ್ಯ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. ಟಿಟ್ಟಿಬ ನಾಲ್ಕೂ ಮೊಟ್ಟೆಗಳ ಚೂಪು ತುದಿಯನ್ನು ಒಳಗೆ ಮಾಡಿ ಜೋಡಿಸುತ್ತದೆ. ಅಲ್ಲಿ ತುದಿಗಳು ನಾಲ್ಕು ದಿಕ್ಕಿಗಿದ್ದವು. ಹಕ್ಕಿ ಕೂಗಾಡುತ್ತಿದ್ದುದು ನಮ್ಮ ತಲೆಯ ಮೇಲಲ್ಲ, ದೂರದ ದಿಬ್ಬದ ಮೇಲೆ. ಅವನು ತಲೆ ಎತ್ತಿ ಏರಿಯ ಕಡೆ ಒಮ್ಮೆ ನೋಡಿದ. ಸುಮ್ಮನಿದ್ದಿದ್ದರೆ ಸಾಕಿತ್ತು, ನಮಗ್ಯಾರಿಗೂ ಏನೂ ತಿಳಿಯುತ್ತಿರಲಿಲ್ಲ.

"ಗೌಡ್ರೇ, ಇದು ಹಕ್ಕಿ ಇಕ್ಕಿದ್ದಲ್ಲ. ಕೈ ಇಕ್ಕಿದ್ದು" ಅಂದ.

"ಯಾರ ಕೈಯಲೇ?"

"ನಮ್ಮನೇದು. ನಿನ್ನೆ ದಿಬ್ಬದ ಮ್ಯಾಲಿತ್ತು. ನೀರು ಬರ್ತೈತೆ, ತಗ್ಗಿಗೆ ಬಿತ್ತಬ್ಯಾಡ್ರಿ."

"ಬೇಲಿಯೇ ಎದ್ದು ಹೊಲ ಮೇಯ್ದಂಗಾತಲ್ಲೋ ಪಾಲಯ್ಯಾ!" ಎಂದು ಬೊಮ್ಮಲಿಂಗಪ್ಪ ಉಗಿದ. ಏರಿಯ ಮೇಲೆ ನಿಂಗಕ್ಕ ಕುಕ್ಕೆ ಕೆಳಗಿಟ್ಟು ಮುಖ ಮುಚ್ಚಿಕೊಂಡಳು. ದೊಡ್ಡಪಾಲಯ್ಯ ಮೊಟ್ಟೆಗಳನ್ನು ರುಮಾಲಿನಲ್ಲಿ ಇಟ್ಟುಕೊಂಡು ಮತ್ತೆ ದಿಬ್ಬ ಹತ್ತಿದ. ಹಕ್ಕಿ ಅವುಗಳ ಮೇಲೆ ಕೂರಲಿಲ್ಲ.

ಅವತ್ತು ಅವರ ಮನೆಯ ಜಗಳ ಬೀದಿಗೆಲ್ಲ ಕೇಳಿತು. "ಹಕ್ಕಿ ಮಾತು ಕೇಳ್ತೀಯ, ಹೊಟ್ಟೇಲಿ ಹುಟ್ಟಿದ ಮಗಳ ಮಾತು ಬ್ಯಾಡ ನಿಂಗೆ! ನನ್ನ ಕೂಸುಗಳು ಮಣ್ಣು ತಿನ್ಲಾ?" ಎಂದು ನಿಂಗಕ್ಕ ಎದೆ ಬಡಿದುಕೊಂಡಳು. ಅವನು, "ನಿಂದೊಂದೇ ಪಾಲಾಗಿದ್ರೆ ಸುಮ್ಕಿರ್ತಿದ್ನೇನೋ. ಮೂವತ್ತು ಮನೆ ಬೀಜ ಐತಲ್ಲವ್ವಾ" ಅಂದ. ಆ ದನಿಯಲ್ಲಿ ಸಿಟ್ಟಿರಲಿಲ್ಲ, ಜೀವವೂ ಇರಲಿಲ್ಲ.

ನಾವು ತಗ್ಗು ಬಿಟ್ಟೆವು. ಆಮೇಲೆ ಏನಾಯಿತು ಗೊತ್ತೆ? ಮಳೆಯೇ ಬರಲಿಲ್ಲ. ಮಘೆ ಹೋಯಿತು, ಹುಬ್ಬೆ ಹೋಯಿತು, ಉತ್ತರೆಯಲ್ಲಿ ನಾಲ್ಕು ಹನಿ. ಬಂದ ನೀರು ಜೌಗಿನ ನಡುವೆ ಮೊಣಕಾಲುದ್ದ ನಿಂತಿತು, ನಿಂಗಕ್ಕ ಮೊಟ್ಟೆ ಇಟ್ಟ ಜಾಗಕ್ಕೂ ಬರಲಿಲ್ಲ. ಚಿನ್ನದಂಥ ತಗ್ಗಿನಲ್ಲಿ ಬರೀ ಕಳೆ ಬೆಳೆಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಊರೆಲ್ಲ ಅವನನ್ನು ಶಪಿಸಿತು. ನಾನೂ ಬೈದವನೇ. ಅವನ ಬಾಗಿಲಿಗೇ ಹೋಗಿ, "ನಿನ್ನ ಹಕ್ಕಿ ಬಾಯಿಗೆ ಮಣ್ಣು ಹಾಕ!" ಅಂದೆ. ಅವನು, "ಕಂಡಿದ್ದು ಹೇಳ್ದೆ ತಮ್ಮಾ" ಅಂದ, ಅಷ್ಟೆ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆ. ನಿಂಗಕ್ಕ ಮೊಳಕಾಲ್ಮೂರಿನ ನೇಕಾರರ ಮನೆಗಳಲ್ಲಿ ನೂಲು ಸುತ್ತಿ ಆ ವರ್ಷ ಕಳೆದಳು. ಅಪ್ಪ ಮಗಳ ನಡುವೆ ಮಾತು ನಿಂತಿತ್ತು.

ಮರುವರ್ಷ ಯಾರೂ ಅವನನ್ನು ಕೇಳಲಿಲ್ಲ. "ಅವರವರ ಇಷ್ಟ, ಬಿತ್ಕಳ್ರಿ" ಎಂದುಬಿಟ್ಟ ಬೊಮ್ಮಲಿಂಗಪ್ಪ. ಎಲ್ಲರೂ ತಗ್ಗಿಗೇ ಕೂರಿಗೆ ಇಳಿಸಿದೆವು. ಆದರೂ ಆ ಮುದುಕ ನಡೆಯುತ್ತಲೇ ಇದ್ದ. ಯಾರಿಗಾಗಿ ನಡೆಯುತ್ತಾನೆ ಮಾರಾಯ ಎಂದು ನಾವು ಗೊಣಗಿದೆವು. ಹತ್ತು ಮಾರು ನಡೆದರೆ ಕೂರುವನು, ಕೋಲೂರಿ ಏಳುವನು, ಮತ್ತೆ ಕೂರುವನು.

ನಿಂಗಕ್ಕ ಮಡಿಲಲ್ಲಿ ಬೀಜ ಕಟ್ಟಿಕೊಂಡು ತನ್ನ ಪಾಲಿನ ಬದುವಿನಲ್ಲಿ ನಿಂತಿದ್ದಳು, ಬಿತ್ತಲಿಲ್ಲ. ನಾನು ಪಕ್ಕದಲ್ಲೇ ಎತ್ತು ಹೊಡೆಯುತ್ತಿದ್ದೆ. ಅವನು ಅಲ್ಲಿಗೆ ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು.

"ಎಲ್ಲಿ ಇಕ್ಕೈತಪ್ಪಾ?" ಅಂದಳು.

ವರ್ಷದ ಮೇಲೆ ಮಗಳ ಬಾಯಿಂದ ಬಂದ ಮೊದಲ ಮಾತು ಅದು. ಅವನು ಕೋಲೆತ್ತಿ ದಿಬ್ಬ ತೋರಿಸಿದ. ಆಮೇಲೆ ಅವನಿಗೇ ತಡೆಯಲಾಗಲಿಲ್ಲ. "ನನ್ನ ಮಾತು ಕಟ್ಕಂಡು ಕೆಡಬ್ಯಾಡ ಕಣವ್ವಾ. ಎಲ್ರೂ ಬಿತ್ತವ್ರೆ, ನೀನೂ ಬಿತ್ತು. ಹೋದೊರ್ಷ ನೋಡಿದ್ಯಲ್ಲ" ಅಂದ.

ನಿಂಗಕ್ಕ ಮಡಿಲಿನ ಬೀಜದ ಗಂಟನ್ನು ಬಿಗಿ ಮಾಡಿಕೊಂಡಳು.

"ನನ್ ಸಲುವಾಗೇ ನೀನು ಸುಳ್ಳು ಹೇಳ್ಲಿಲ್ಲ. ಇನ್ಯಾರ ಸಲುವಾಗಿ ಹೇಳ್ತೀಯ? ನಡಿ, ಮನೆಗೋಗಣ" ಎಂದು ಅವನ ರೆಟ್ಟೆಗೆ ಕೈ ಕೊಟ್ಟಳು.

ದೊಡ್ಡಪಾಲಯ್ಯ ಅಲ್ಲೇ ಕೆಸರಿನಲ್ಲಿ ಕುಸಿದು ಕೂತು ಅತ್ತುಬಿಟ್ಟ. ಮಗಳು ಪಕ್ಕದಲ್ಲಿ ಕೂತು ಆ ಊದಿದ ಕಾಲನ್ನು ಒತ್ತತೊಡಗಿದಳು. ನಾನು ಎತ್ತುಗಳ ಕೊರಳು ಬಿಚ್ಚಿ ಮುಂದೆ ಹೊಡೆದು, ಉಳಿದ ಬೀಜವನ್ನೂ ಕೂರಿಗೆಯನ್ನೂ ಹೆಗಲ ಮೇಲಿಟ್ಟುಕೊಂಡು ತಗ್ಗಿನಿಂದ ಮೇಲೆ ಬಂದೆ.