ಹೊಗೆಗೆ ದಾರಿ ಬಿಟ್ಟ ಮುತ್ತರಾಯಪ್ಪ

ಬೆಳಗಿನ ಐದು ಗಂಟೆ. ಬಾಗಲೂರಿನ ಹಾಲಿನ ಡೈರಿ ಹಿಂದಿನ ತಗಡಿನ ಶೆಡ್ಡಿನಲ್ಲಿ ಮುತ್ತರಾಯಪ್ಪ ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಎದುರಿಗೆ ಆಳೆತ್ತರದ ಸ್ಟೀಲ್ ಪೆಟ್ಟಿಗೆ, ಕೈಯಲ್ಲಿ ಹಚ್ಚಿದ ಊದುಬತ್ತಿ. ದೇವರಿಗಲ್ಲ. ಬಾಗಿಲಿನ ಅಂಚಿನುದ್ದಕ್ಕೂ ಊದುಬತ್ತಿಯನ್ನು ನಿಧಾನಕ್ಕೆ ಜರುಗಿಸುತ್ತಾ, ಅದರ ಹೊಗೆ ಎಲ್ಲಾದರೂ ವಾಲುತ್ತದೆಯೇ ಎಂದು ನೋಡುತ್ತಿದ್ದಾರೆ. ಎಲ್ಲೂ ವಾಲುವುದಿಲ್ಲ. ಎದ್ದು ನಿಂತು ಮೇಲಿನ ಚಿಮಣಿಯ ಬಾಯಿಗೆ ಹಿಡಿಯುತ್ತಾರೆ. ಹೊಗೆಯ ಎಳೆ ನೆಟ್ಟಗೆ ಮೇಲಕ್ಕೆ ಹೋಗುತ್ತದೆ.

"ಉಸ್ರಾಡ್ತಾ ಐತೆ. ಕೋಳಿ ತನ್ನಿ," ಎನ್ನುತ್ತಾರೆ.

ಇದು ಕೋಳಿಯನ್ನು ಹೊಗೆಯಲ್ಲೇ ಬೇಯಿಸುವ ಕರೆಂಟಿನ ಪೆಟ್ಟಿಗೆ. ಇದರ ಒಡತಿ ಶಶಿರೇಖಾ. ಹೊಸೂರಿನ ಕಾರ್ಖಾನೆಯೊಂದರ ಪ್ಯಾಕಿಂಗ್ ಕೆಲಸ ಬಿಟ್ಟು, ಜೊತೆಗೆ ಮೂವರು ಹೆಂಗಸರನ್ನೂ ಬಿಡಿಸಿಕೊಂಡು ಬಂದು ಐದು ತಿಂಗಳಾಯಿತು. ಕೃಷ್ಣಗಿರಿ ಹೈವೇಯ ಹೋಟೆಲೊಂದು ದಿನಕ್ಕೆ ಇಪ್ಪತ್ತನಾಲ್ಕು ಕೋಳಿ ತೆಗೆದುಕೊಳ್ಳಲು ಒಪ್ಪಿತ್ತು. ಆದರೆ ಬುಧವಾರ ಕಳಿಸಿದ ಮಾದರಿ ಕಹಿ. ಹೋಟೆಲಿನ ಮುಖ್ಯ ಅಡುಗೆಯವರು ಹರಿಕೃಷ್ಣ ಒಂದೇ ಮಾತು ಹೇಳಿದ್ದಾರೆ: ಶನಿವಾರ ಇನ್ನೊಂದು ಸಲ ತನ್ನಿ, ಆಗಲೂ ಕಹಿಯಿದ್ದರೆ ಆಮೇಲೆ ಬರಬೇಡಿ. ಇವತ್ತು ಶನಿವಾರ.

"ಇದು ಕೈ ಕೊಟ್ರೆ ನಾವು ನಾಲ್ಕು ಜನಾನೂ ಮತ್ತೆ ಶಿಫ್ಟ್ ಬಸ್ ಹತ್ಬೇಕು ಮಾವ," ಎನ್ನುತ್ತಾ ಶಶಿರೇಖಾ ಉಪ್ಪುನೀರಲ್ಲಿ ನೆನೆದ ಹನ್ನೆರಡು ಕೋಳಿಗಳನ್ನು ಒಂದೊಂದಾಗಿ ಕೊಂಡಿಗೆ ಸಿಕ್ಕಿಸುತ್ತಾಳೆ.

"ಬಸ್ಸಿನ ಮಾತು ಯಾಕಮ್ಮ ಈಗ? ಬಾಗ್ಲು ಹಾಕು."

ಮುತ್ತರಾಯಪ್ಪನವರಿಗೆ ಅರವತ್ತಮೂರು. ಬಾಗಲೂರು ರಸ್ತೆಗೆ ದಿನಕ್ಕೆ ಎರಡೇ ಬಸ್ಸಿದ್ದ ಕಾಲದಲ್ಲಿ ಸೈಕಲ್ ತುಳಿದು ಹೊಸೂರಿಗೆ ಹೋಗಿ, ಲಾರಿಯ ಬ್ರೇಕಿಗೆ ಗಾಳಿ ಸಾಗಿಸುವ ಪೈಪುಗಳನ್ನು ಪರೀಕ್ಷಿಸುವ ಕೆಲಸಕ್ಕೆ ಸೇರಿದವರು. ಪೈಪಿಗೆ ಗಾಳಿ ತುಂಬುವುದು, ಸೋಪಿನ ನೀರು ಬಳಿಯುವುದು, ಗುಳ್ಳೆ ಬಂದರೆ ಪಕ್ಕಕ್ಕೆ ಇಡುವುದು. ದಿನಕ್ಕೆ ನಾನೂರು ಪೈಪು, ಇಪ್ಪತ್ತೆಂಟು ವರ್ಷ. ಪಕ್ಕದಲ್ಲೇ ಬಡಿದುಕೊಳ್ಳುತ್ತಿದ್ದ ಕಂಪ್ರೆಸರ್ ಎಡಗಿವಿಯನ್ನು ತಿಂದುಹಾಕಿತು. ಕೊನೆಗೆ ಅದೇ ಕೆಲಸಕ್ಕೆ ಮೆಷಿನ್ ಬಂತು, ಇವರು ಮನೆಗೆ ಬಂದರು.

"ಮೆಷಿನ್ ಬಂದ ದಿವ್ಸ ಒಂದು ಪೈಪು ಪಾಸ್ ಮಾಡ್ತು. ನಾನು ಕೈಲಿ ಸವರ್ದೆ, ಲೀಕ್ ಅಂದೆ. ಸೋಪಿನ ನೀರು ಹಾಕಿದ್ರು, ಗುಳ್ಳೆ ಬಂತು. ಆದ್ರೂ ಮನೆಗೆ ಹೋಗಿದ್ದು ನಾನೇ," ಎಂದು ನಗುತ್ತಾರೆ. ನಗುವಿನಲ್ಲಿ ಹುಳಿಯಿಲ್ಲ.

ಊರಿನ ವರಸೆಯಲ್ಲಿ ಮಾವ ಎನ್ನುವ ಇವರನ್ನು ಶಶಿರೇಖಾ ಕರೆದದ್ದು ಹೋದ ತಿಂಗಳು. ಹೀಟರಿನ ಮೇಲೊಂದು ತಟ್ಟೆ, ತಟ್ಟೆಯಲ್ಲಿ ಮರದ ಚಕ್ಕೆ. ಪೆಟ್ಟಿಗೆ ಬಂದದ್ದೇ ಹಾಗೆ. ಬೇಕಾದಷ್ಟು ಕಾವು ಏರಿದ ಕೂಡಲೇ ಹೀಟರ್ ತಾನಾಗಿ ಆರುತ್ತಿತ್ತು, ಜೊತೆಗೆ ಹೊಗೆಯೂ ನಿಲ್ಲುತ್ತಿತ್ತು. ಹತ್ತು ನಿಮಿಷ ಹೊಗೆ, ಇಪ್ಪತ್ತು ನಿಮಿಷ ಬರೀ ಬಿಸಿ. ಕೋಳಿ ಬೇಯುತ್ತಿತ್ತು, ಆದರೆ ಹೊಗೆಯ ರುಚಿ ಹತ್ತುತ್ತಿರಲಿಲ್ಲ. ಮುತ್ತರಾಯಪ್ಪ ಎರಡು ದಿನ ಏನನ್ನೂ ಮುಟ್ಟದೆ ಸುಮ್ಮನೆ ಕೂತು ನೋಡಿದರು. ಆಮೇಲೆ ಚಕ್ಕೆಗೆಂದೇ ಹೊರಗಡೆ ಬೇರೆ ಡಬ್ಬಿ ಮಾಡಿ, ಅದಕ್ಕೆ ಕರೆಂಟ್ ಒಲೆಯ ಸಣ್ಣ ಕಾಯಿಲ್ ಕೂರಿಸಿ, ಪೈಪಿನಲ್ಲಿ ಹೊಗೆಯನ್ನು ಪೆಟ್ಟಿಗೆಯ ಬುಡಕ್ಕೆ ತಂದರು. ಈಗ ಹೀಟರ್ ಆರಲಿ, ಉರಿಯಲಿ, ಹೊಗೆ ಮೂರು ಗಂಟೆ ಒಂದೇ ಸಮ.

ಮೀಟರ್ ನೂರಾಹತ್ತು ಡಿಗ್ರಿ ತೋರಿಸುತ್ತಿದ್ದರೂ ಮೇಲಿನ ಸಾಲಿನಲ್ಲಿ ನೂರಿಪ್ಪತ್ತೈದು, ಕೆಳಗೆ ಎಂಬತ್ತೈದು ಇತ್ತು. ನಡುವೆ ತೂತುಗಳ ತಗಡು ಹಾಕಿ ಬಿಸಿಯನ್ನು ಹಂಚಿದರು. ಈಗ ಎರಡಕ್ಕೂ ಐದು ಡಿಗ್ರಿಯಷ್ಟೇ ವ್ಯತ್ಯಾಸ. ಚಕ್ಕೆ ಮಾವಿನದು, ಕೃಷ್ಣಗಿರಿ ಕಡೆಯ ತೋಟಗಳಲ್ಲಿ ಸವರಿ ಬಿಸಾಕಿದ ಕೊಂಬೆಗಳನ್ನು ತಂದು ಒಣಗಿಸಿದ್ದು. ಮೊದಲು ಒಂದು ಸಲಕ್ಕೆ ಎರಡು ಕಿಲೋ ಬೇಕಿತ್ತು, ಈಗ ಮುಕ್ಕಾಲು ಕಿಲೋ ಸಾಕು.

ಇಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಲೀಕ್ ಹುಡುಕಿ ಬದುಕಿದ ಕೈ ಸುಮ್ಮನಿರಲಿಲ್ಲ. ಬಾಗಿಲಿಗೆ ಸುತ್ತಲೂ ರಬ್ಬರ್ ಪಟ್ಟಿ ಕೂರಿಸಿದರು, ಸಂದುಗೊಂದು ಎಲ್ಲ ಮುಚ್ಚಿದರು. ಕೊನೆಗೆ ಮಂಗಳವಾರ ಚಿಮಣಿಯ ಬಾಯಿಗೂ ಮುಚ್ಚಳ ಬಿತ್ತು. ಅಷ್ಟು ಕಷ್ಟಪಟ್ಟು ಮಾಡಿದ ಹೊಗೆಯನ್ನು ಹೊರಗೆ ಯಾಕೆ ಬಿಡಬೇಕು ಎಂಬುದು ಅವರ ಲೆಕ್ಕ. ಬುಧವಾರ ಬಾಗಿಲು ತೆಗೆದಾಗ ಕೋಳಿಗಳು ಕಪ್ಪಗೆ ಅಂಟಂಟಾಗಿದ್ದವು, ಪೆಟ್ಟಿಗೆಯ ಸೂರಿನಿಂದ ಡಾಂಬರಿನಂಥ ಹನಿ ತೊಟ್ಟಿಕ್ಕುತ್ತಿತ್ತು. ಹೊತ್ತಾಗಿತ್ತೆಂದು ಒರೆಸಿ ಹಾಗೇ ಕಳಿಸಿದರು.

ತಪ್ಪು ಹಿಡಿದದ್ದು ಅವರ ಹೆಂಡತಿ ಪಾರ್ವತಮ್ಮ.

"ನಮ್ಮವ್ವ ಒಲೆ ಮ್ಯಾಲೆ ಹಗ್ಗ ಕಟ್ಟಿ ಕುರಿ ಬಾಡು ಒಣಾಕೋಳು. ಒಣಾಕೋ ಮುಂಚೆ ಸೂರಿನ ಹೆಂಚು ಒಂದು ಸರ್ಸೋಳು. ಹೊಗೆ ಬಾಡು ಸವರ್ಕೊಂಡು ಹೋಗ್ಬೇಕು, ಅಲ್ಲೇ ಕುಂತ್ರೆ ಕಹಿ ಆಯ್ತದೆ. ಇವ್ರಿಗೆ ಯೋಳುದ್ರೆ ಕೇಳುಸ್ತಾ? ಇಪ್ಪತ್ತೆಂಟು ವರ್ಷ ಗಾಳಿ ಕಟ್ಟಾಕಿದ್ರು, ಈಗ ಹೊಗೆ ಕಟ್ಟಾಕಾಕ್ ಹೊಂಟ್ರು."

"ನೀನು ನನ್ನ ಎಡಗಿವೀಗೆ ಯೋಳ್ದೆ ಕಣೇ," ಎನ್ನುತ್ತಾರೆ ಮುತ್ತರಾಯಪ್ಪ.

"ಬಲಗಿವೀಗೂ ಯೋಳ್ದೆ. ಅದು ಬೇಕಾದ್ದು ಮಾತ್ರ ಕೇಳ್ತದೆ."

ಶುಕ್ರವಾರ ಮುತ್ತರಾಯಪ್ಪ ಮುಚ್ಚಳ ಕಿತ್ತು, ಚಿಮಣಿಯ ತೂತನ್ನು ಇನ್ನೂ ಎರಡು ಬೆರಳು ಅಗಲ ಮಾಡಿ, ಮೇಲೆ ಒಂದು ಮೊಳ ಪೈಪು ಏರಿಸಿದರು. ಒಳಗಿನ ಕಪ್ಪನ್ನೆಲ್ಲ ಬಿಸಿನೀರು ಹಾಕಿ ತಾವೇ ಉಜ್ಜಿದರು. "ಲೀಕ್ ಬ್ಯಾರೆ, ದಾರಿ ಬ್ಯಾರೆ. ಅದು ಗೊತ್ತಾಗಾಕೆ ಈ ವಯಸ್ಸು ಬೇಕಾಯ್ತು," ಎನ್ನುತ್ತಾರೆ.

ಎಂಟೂವರೆಗೆ ಬಾಗಿಲು ತೆರೆಯುತ್ತದೆ. ಹನ್ನೆರಡೂ ಕೋಳಿ ಹದವಾದ ಕೆಂಬಣ್ಣ. ಪೆಟ್ಟಿಗೆಯ ಸೂರಿನಲ್ಲಿ ಒಂದು ಹನಿಯೂ ಇಲ್ಲ. ಶಶಿರೇಖಾ ಉಸಿರು ಬಿಡುತ್ತಾಳೆ, ಆದರೆ ರುಚಿ ನೋಡುವ ಧೈರ್ಯ ಅವಳಿಗಿಲ್ಲ. ಕೋಳಿ ತುಂಬಿದ ಡಬ್ಬಿಗಳನ್ನು ಮೊಪೆಡ್ಡಿಗೆ ಕಟ್ಟಿಕೊಂಡು ಇಬ್ಬರೂ ಹೊರಡುತ್ತಾರೆ.

ಹೋಟೆಲಿನ ಹಿಂಬಾಗಿಲಲ್ಲಿ ಹರಿಕೃಷ್ಣ ಕೋಳಿಯ ಒಂದು ಕಾಲು ಮುರಿದು ಮೂಸುತ್ತಾರೆ, ಕಚ್ಚುತ್ತಾರೆ. ಬಹಳ ಹೊತ್ತು ಅಗಿಯುತ್ತಾರೆ. ಶಶಿರೇಖಾ ನೆಲ ನೋಡುತ್ತಿದ್ದಾಳೆ. ಮುತ್ತರಾಯಪ್ಪ ಬಲಗಿವಿಯನ್ನು ಮುಂದೆ ಮಾಡಿ ನಿಂತಿದ್ದಾರೆ.

"ಕಹಿ ಇಲ್ಲಮ್ಮ," ಎನ್ನುತ್ತಾರೆ ಹರಿಕೃಷ್ಣ. ಇನ್ನೊಂದು ತುಂಡು ಬಾಯಿಗೆ ಹಾಕಿಕೊಂಡು, "ನಲ್ಲಾ ಇರುಕ್ಕು, ಚೆನ್ನಾಗೈತೆ. ಸೋಮವಾರದಿಂದ ಎರಡು ಡಜನ್. ಹನ್ನೊಂದೂವರೆ ದಾಟಿಸ್ಬೇಡಿ, ಊಟದ ಜನ ಬತ್ತಾರೆ," ಎನ್ನುತ್ತಾರೆ.

ಶಶಿರೇಖಾ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾಳೆ. "ದಿನಾ ಎರಡು ಸಲ ಬೇಯಿಸ್ಬೇಕು ಮಾವ. ಪೆಟ್ಟಿಗೆ ತಡೀತದಾ?"

"ಪೆಟ್ಟಿಗೆ ತಡೀತದೆ. ನೀವು ನಾಲ್ಕು ಗಂಟೆಗೆ ಏಳ್ರಿ, ಅಷ್ಟೇ."

ಮಧ್ಯಾಹ್ನ ಮನೆಯ ಜಗಲಿಯಲ್ಲಿ ಕೂತ ಮುತ್ತರಾಯಪ್ಪನವರನ್ನು ಇನ್ನೇನು ಬಯಕೆ ಎಂದು ಕೇಳಿದರೆ, ಕಾಲು ಚಾಚಿಕೊಂಡು ಹೇಳುತ್ತಾರೆ: "ಒಂದ್ಸಲ ಆ ಹೋಟ್ಲಾಗೆ ಗಿರಾಕಿ ಥರ ಕುಂತ್ಕೋಬೇಕು. ಪಕ್ಕದ ಟೇಬಲ್ನೋರು ನಮ್ಮ ಕೋಳಿ ತಿನ್ನೋದು ನೋಡ್ಬೇಕು. ಮಾಡಿದ್ದು ನಾವು ಅಂತ ಯೋಳಾಕಿಲ್ಲ."

ಒಳಗಿನಿಂದ ಪಾರ್ವತಮ್ಮನ ದನಿ: "ಯೋಳ್ದೆ ಇರ್ತಾರಾ? ಎಲೆ ಎತ್ತೋನ್ಗೂ ಯೋಳ್ತಾರೆ."

"ಹಂಗಾದ್ರೆ ನೀನೂ ಬಾ," ಎನ್ನುತ್ತಾರೆ ಮುತ್ತರಾಯಪ್ಪ. "ನಾನು ಬಾಯಿ ಬಿಟ್ರೆ ಕಾಲು ತುಳಿ."