ಮೂರನೆಯ ಸುತ್ತಿನ ಏಳು

ಲಕೋಟೆಗೆ ಇನ್ನೂ ಹುಳಿ ವಾಸನೆ ಇದೆ. ಗೋಂದು ಸಿಗದೆ ಜೋಳದ ಗಂಜಿ ಸವರಿ ಅಂಟಿಸಿಕೊಟ್ಟಿದ್ದರು ಮುಂಡರಗಿಯ ಮಾಸ್ತರರು. ಮೊನ್ನೆ ಸಂಶೋಧಕಿಯೊಬ್ಬಳು ಮೇಲ್ ಕಳುಹಿಸಿದಳು: ಲಕ್ಷ್ಮೇಶ್ವರ, ಶಿರಹಟ್ಟಿಗಳಲ್ಲೂ ದೂರಶಿಕ್ಷಣದ ಭಾನುವಾರದ ತರಗತಿ ನಿಲ್ಲಿಸುವ ಯೋಚನೆಯಿದೆ, ನಿಮ್ಮ ಅಧ್ಯಯನದ ಒಮ್ಮತವನ್ನೇ ಆಧಾರ ಮಾಡಿಕೊಳ್ಳಲೇ? ಹೆದರಿ, ಮಾಸ್ತರರ ಅಂಕದ ಹಾಳೆಗಳಿದ್ದ ಆ ಲಕೋಟೆ ಹುಡುಕಿದೆ.

ನನ್ನ ಪಿಎಚ್‌ಡಿ ಅಧ್ಯಯನದ ವಿಧಾನ ಸರಳವಾಗಿತ್ತು. ಮಾಸ್ತರರೂ ಸೇರಿ ಹನ್ನೆರಡು ಪರಿಣತರು, ಒಂದರಿಂದ ಒಂಬತ್ತರವರೆಗೆ ಅಂಕ; ಒಂದೆಂದರೆ ಒಪ್ಪಿಗೆಯೇ ಇಲ್ಲ, ಒಂಬತ್ತೆಂದರೆ ಪೂರ್ತಿ ಒಪ್ಪಿಗೆ. ಉಳಿದವರ ಅಂಕಗಳನ್ನು ಹೆಸರಿಲ್ಲದೆ ತೋರಿಸಿ ಮತ್ತೆ ಕೇಳುವುದು, ಮೂರು ಸುತ್ತು. ಯಾರನ್ನೂ ಒತ್ತಾಯಿಸಬಾರದು. ತರಗತಿ ಇಲ್ಲದೆಯೂ ನಡೆದೀತು ಎಂದು ಹನ್ನೊಂದು ಜನ ಏಳು, ಎಂಟು ಕೊಟ್ಟರು. ಮಾಸ್ತರರು ಮೊದಲೆರಡು ಸುತ್ತಿನಲ್ಲೂ ಒಂದು ಕೊಟ್ಟರು. ಪಕ್ಕದಲ್ಲಿ ಬರೆದಿದ್ದರು: ಕೊರ್ಲಹಳ್ಳಿಯ ಹೆಣ್ಣುಮಕ್ಕಳಿಗೆ ಮನೆಯಿಂದ ಹೊರಬೀಳಲು ಭಾನುವಾರವೊಂದೇ ನೆಪ.

ಒಬ್ಬರು ಹೊರಗುಳಿದರೂ ಪ್ರಬಂಧಕ್ಕೆ ಸಹಿ ಹಾಕುವುದಿಲ್ಲ ಎಂದಿದ್ದರು ನನ್ನ ಮಾರ್ಗದರ್ಶಕರು. ಅಂಜಿ, ನಿಯಮ ಮುರಿದು, ಮಾಸ್ತರರ ಮನೆಗೇ ಹೋದೆ. ಮಳೆ ಬರುತ್ತಿತ್ತು ಎಂದು ಬರೆದು ಈಗಷ್ಟೇ ಅಳಿಸಿದೆ. ಅದು ಬೇರೆ ದಿನದ ಮಳೆ ಇರಬೇಕು...

"ಎಲ್ಲಾರೂ ಏಳ-ಎಂಟ ಕೊಟ್ಟಾರ್ರಿ ಸರ್. ನಿಮ್ಮದೊಂದ ಉಳದೈತ್ರಿ."

"ಎಲ್ಲಾರೂ ಅಂದ್ರ ಯಾರವಾ?"

"ಹೆಸರು ಹೇಳಂಗಿಲ್ರಿ."

"ಹೆಸರಿಲ್ಲ, ಮಾರಿ ಇಲ್ಲ, ಆದ್ರ ಅಂಜಸತಾರ. ದೆವ್ವ ಇದ್ಹಂಗ ಆತಲ್ಲ!" ಎಂದು ನಕ್ಕರು.

ನಾನು ನಗಲಿಲ್ಲ. "ಇದು ಕೂಡಲಿಲ್ಲಂದ್ರ ನನ್ನ ನಾಕ ವರ್ಷ ನೀರಾಗ ಹೋಕ್ಕಾವ್ರಿ."

ಆಮೇಲೆ ಅವರೇ ಏಳು ಬರೆದರು ಎಂದೇ ಇಷ್ಟು ವರ್ಷ ಹೇಳಿಕೊಂಡು ಬಂದೆ. ನನಗೆ ಪದವಿ ಬಂತು. ಮುಂಡರಗಿಯ ತರಗತಿ ನಿಂತಿತು. ಹೋದ ವರ್ಷ ಮಾಸ್ತರರು ತೀರಿಕೊಂಡಾಗ ಮಣ್ಣಿಗೆ ಹೋಗಲಿಲ್ಲ. ಅಂಜಿಕೆ ಯಾಕೆಂದು ಕೇಳಿಕೊಳ್ಳಲೂ ಇಲ್ಲ.

ಈಗ ಲಕೋಟೆಯೊಳಗಿನ ಕಾಗದ ಬಿಚ್ಚಿದೆ. ಮಾಸ್ತರರು ಕನ್ನಡ ಅಂಕಿ ಬಿಟ್ಟು ಬೇರೆ ಬರೆದವರಲ್ಲ. ಮೊದಲೆರಡು ಸುತ್ತಿನ ಹಾಳೆಗಳಲ್ಲಿ ದುಂಡಗಿನ ೧ ಇದೆ. ಮೂರನೆಯದರಲ್ಲಿ, ನಡುವೆ ಅಡ್ಡಗೆರೆ ಎಳೆದ 7. ಹಾಗೆ ಗೆರೆ ಎಳೆಯುವವಳು ನಾನು. ಆಗ ಅವರ ಮಾತು ಕೇಳಿಸಿತು, ಅಥವಾ ಈಗ ಕಟ್ಟಿಕೊಳ್ಳುತ್ತಿದ್ದೇನೋ...

"ನಾ ಒಂದ ಅಂತೀನಿ ತಂಗಿ. ನಿನಗ ಏಳ ಬೇಕಂದ್ರ ನೀನ ಬರಕೋ."

ಮಾತು ಕಟ್ಟಿದ್ದಿರಬಹುದು. ಅಂಕಿ ಅಲ್ಲ.

ಸಂಶೋಧಕಿಗೆ ಉತ್ತರಿಸಿದೆ: ಒಮ್ಮತ ಇರಲಿಲ್ಲ, ಏಳು ನನ್ನ ಕೈಬರಹ. ಕೆಳಗೆ ಹೆಸರು ಹಾಕಿ ಕಳುಹಿಸಿದೆ. ಅಂದಿನಿಂದ ಫೋನು ಸದ್ದು ಮಾಡಿದರೆ ಯಾರ ಹೆಸರೆಂದು ನೋಡಲು ಅಂಜುತ್ತೇನೆ. ಮಾಸ್ತರರ ನಂಬರು ಇನ್ನೂ ಅದರಲ್ಲಿದೆ.