ಅಂಚೆಯವನು ಕೇಳಿದ ನೀರು

ಪವಾಡ ಗಿವಾಡ ಎಂದು ಯಾರಾದರೂ ಶುರುಮಾಡಿದರೆ ಎದ್ದು ಹೋಗುವ ಸ್ವಭಾವ ನನ್ನದು. ಕೊಲ್ಲಿ ದೇಶದ ರಾಸ್ ಅಲ್ ಖೈರ್‌ನಲ್ಲಿ ಸಮುದ್ರದ ನೀರನ್ನು ಸಿಹಿನೀರು ಮಾಡುವ ಸ್ಥಾವರದಲ್ಲಿ ನಾನು ಕೆಮಿಸ್ಟ್. ಪರೀಕ್ಷೆ ಮಾಡದೆ ಏನನ್ನೂ ಒಪ್ಪಿದವನಲ್ಲ. ಆದರೂ ಇದೊಂದನ್ನು ಹೇಳಲೇಬೇಕು. ನಗುವುದಾದರೆ ನಗಿ, ನೆನೆದಾಗಲೆಲ್ಲ ನನಗೂ ನಗುವೇ ಬರುತ್ತದೆ.

ಕೆಲವು ವರ್ಷಗಳ ಹಿಂದೆ ಇಲ್ಲಿನ ನಮ್ಮ ಕನ್ನಡಿಗರ ಗುಂಪಿಗೆ ಒಂದು ಹಾಸ್ಯ ನಾಟಕ ಬರೆದೆ. ಹಿಂದಿನ ವರ್ಷದ್ದು ನೆಲಕಚ್ಚಿತ್ತು. ಕಾರ್ಯದರ್ಶಿ ಶೆಟ್ಟರು ಖಡಾಖಂಡಿತವಾಗಿ ಹೇಳಿದ್ದರು: "ಈ ಸಲವೂ ಹಾಳಾದ್ರೆ ಇನ್ನು ನಾಟಕ ಇಲ್ಲ ಮಾರಾಯ. ಊಟ, ಆರ್ಕೆಸ್ಟ್ರಾ, ಅಷ್ಟೇ." ನಾಟಕವಿಲ್ಲದಿದ್ದರೆ ಈ ಮರಳಿನಲ್ಲಿ ನನಗೆ ಇನ್ನೇನಿದೆ, ಹೇಳಿ!

ನಮ್ಮ ಜೊತೆ ಕೆಲಸ ಮಾಡುವ ಎಂಜಿನಿಯರ್ ಒಬ್ಬಳ ತಂದೆ ವಾಲ್ಟರ್, ಆಗ ಇಂಗ್ಲೆಂಡಿನಿಂದ ಮಗಳ ಮನೆಗೆ ಬಂದಿದ್ದರು. ನಲವತ್ತು ವರ್ಷ ರಂಗಭೂಮಿಯಲ್ಲೂ ಸಿನಿಮಾದಲ್ಲೂ ಸಣ್ಣ ಪಾತ್ರಗಳನ್ನೇ ಮಾಡಿದವರು: ಬಟ್ಲರ್, ಡಾಕ್ಟರು, ಪಾದ್ರಿ, ಪೊಲೀಸ್ ಪೇದೆ. "ತೆರೆಯ ಮೇಲೆ ಹನ್ನೊಂದು ಸಲ ಸತ್ತಿದ್ದೇನೆ, ಒಮ್ಮೆಯೂ ಮದುವೆಯಾಗಿಲ್ಲ" ಎಂದು ನಗಿಸುತ್ತಿದ್ದರು. ಕನ್ನಡದ ಒಂದಕ್ಷರ ಬಾರದಿದ್ದರೂ ತಾಲೀಮಿಗೆ ದಿನಾ ಹಾಜರು. ಬಾಗಿಲು ದಾಟಿ ಒಳಗೆ ಬರುವ ಮುಂಚೆ ಆ ಮನುಷ್ಯ ಎಲ್ಲಿದ್ದ ಎಂಬುದು ಗೊತ್ತಿದ್ದರೆ ಸಾಕು, ಪಾತ್ರ ತಾನಾಗಿ ಬರುತ್ತದೆ ಎಂದು ನಮಗೆಲ್ಲ ಪಾಠ ಬೇರೆ.

ಪ್ರದರ್ಶನದ ಸಂಜೆ, ಅಂಚೆಯವನ ಪಾತ್ರದ ಹಮೀದನ ಶಿಫ್ಟ್ ಬದಲಾಯಿತು. ಮಾತಿಲ್ಲದ ಪಾತ್ರ, ಪತ್ರ ಕೊಟ್ಟು ಹೋದರಾಯಿತು. ವಾಲ್ಟರ್ ಖಾಕಿ ಅಂಗಿ ತೊಟ್ಟು ನಿಂತೇಬಿಟ್ಟರು.

ಪತ್ರ ಕೈಗೆ ಬಂದದ್ದೇ ನಾಯಕ ಸುಧಾಕರ ಮಾತು ಮರೆತ. ಪಕ್ಕದ ಪರದೆಯ ಹಿಂದಿನಿಂದ ನಾನು ಎಷ್ಟು ಹೇಳಿಕೊಟ್ಟರೂ ಅವನ ಕಿವಿಗೆ ಬೀಳಲಿಲ್ಲ. ಸಭೆಯಲ್ಲಿ ಗುಸುಗುಸು ಶುರುವಾಯಿತು. ಮುಂದಿನ ಸಾಲಿನಲ್ಲಿ ಶೆಟ್ಟರು ಗಡಿಯಾರ ನೋಡಿದರು. ಆಗ ವಾಲ್ಟರ್ ಟೊಪ್ಪಿ ತೆಗೆದು, ಬೆವರು ಒರೆಸಿಕೊಂಡು, ಸೊಗಸಾದ ನಮ್ಮ ಕರಾವಳಿ ಕನ್ನಡದಲ್ಲಿ, "ಬಿಸಿಲಲ್ಲಿ ನಡ್ಕೊಂಡು ಬಂದಿದ್ದೇನೆ, ಒಂದು ಲೋಟ ನೀರಾದ್ರೂ ಕೊಡಿ ಮಾರಾಯ್ರೆ" ಎಂದರು!

ಸಭೆಗೆ ಸಭೆಯೇ ಬಿದ್ದುಬಿದ್ದು ನಕ್ಕಿತು. ಆ ಗದ್ದಲದಲ್ಲಿ ಸುಧಾಕರನಿಗೆ ಮಾತು ನೆನಪಾಯಿತು, ನಾಟಕ ಗೆದ್ದಿತು. ನಾನು ಮಾತ್ರ ಪರದೆ ಹಿಡಿದು ನಿಂತಿದ್ದೆ. ಅದು ನಾನೇ ಬರೆದ ಮಾತು. ಅಂಚೆಯವನಿಗೇಕೆ ಮಾತು ಎಂದು ತಾಲೀಮಿಗೆ ಮುಂಚೆಯೇ ಹೊಡೆದುಹಾಕಿದ್ದೆ. ಹೆಂಡತಿಗೂ ತೋರಿಸಿರಲಿಲ್ಲ.

"ಕ್ಷಮಿಸಿ, ಇಲ್ಲದ ಮಾತು ಸೇರಿಸಿದೆ" ಎಂದು ವಾಲ್ಟರ್ ಆಮೇಲೆ ನನ್ನ ಕೈಹಿಡಿದುಕೊಂಡರು. "ಪಾಪ, ಅಂಚೆಯವನು ಅಷ್ಟು ದೂರ ನಡೆದು ಬಂದವನು, ಅದಕ್ಕೇ ನೀರು ಕೇಳಿದೆ. ಇಂಗ್ಲಿಷಿನಲ್ಲೇ ಕೇಳಿದೆ, ನನಗೆ ಬರುವುದು ಅದೊಂದೇ."

ಅಷ್ಟರಲ್ಲಿ ಶೆಟ್ಟರು ಓಡಿಬಂದರು. "ಎಂತ ಕನ್ನಡ ಮಾರಾಯ ಇವರದ್ದು! ಬರುವ ವರ್ಷದ ನಾಟಕಕ್ಕೆ ಈಗಲೇ ಹಾಲ್ ಹೇಳಿಡ್ತೇನೆ." ನನಗೆ ಕುಣಿಯಬೇಕೋ ಬೆಚ್ಚಬೇಕೋ ತಿಳಿಯಲಿಲ್ಲ.

ಹೆಂಡತಿ ಫೋನಿನಲ್ಲಿ ತೆಗೆದ ವಿಡಿಯೊ ಈಗಲೂ ಇದೆ. ನಮ್ಮವರು ಯಾರು ನೋಡಿದರೂ ಕೇಳಿಸುವುದು ಕನ್ನಡವೇ. ಊರಿಗೆ ಮರಳಿದ ವಾಲ್ಟರ್‌ಗೂ ಕಳಿಸಿದೆ. ಮರುದಿನವೇ ಉತ್ತರ ಬಂತು: "ನಾನು ಹೇಳಲಿಲ್ಲವೇ, ಇಂಗ್ಲಿಷಿನಲ್ಲೇ ಕೇಳಿದ್ದು! ವಿಡಿಯೊದಲ್ಲೂ ಇಂಗ್ಲಿಷೇ ಕೇಳಿಸುತ್ತದಲ್ಲ. ಮುಂದಿನ ನಾಟಕದಲ್ಲಿ ಪಾತ್ರವಿದೆಯೇ? ಸಣ್ಣದಾದರೆ ಸಾಕು."

ಇವತ್ತಿಗೂ ನನಗಿದು ಬಗೆಹರಿದಿಲ್ಲ. ಅಂದಿನಿಂದ ಎಂಥ ಸಣ್ಣ ಪಾತ್ರದ ಮಾತನ್ನೂ ಹೊಡೆದುಹಾಕಲು ನನಗೆ ಕೈ ಬರುವುದಿಲ್ಲ.